ಕೊಡದ ಮೇಲೆ ಕೂತವರು

ತಮಿಳು ಪತ್ರಿಕೆಯಲ್ಲಿ ನಾನು ಓದುವುದು ವ್ಯಂಗ್ಯಚಿತ್ರ ಒಂದನ್ನೇ. ಮಾಲೂರಿನಿಂದ ಹೊಸೂರಿಗೆ ಬಂದು ಇಪ್ಪತ್ತು ವರ್ಷವಾದರೂ ಆ ಅಕ್ಷರಗಳು ನನ್ನೊಡನೆ ಮುಖ ಕೊಟ್ಟು ಮಾತಾಡುವುದಿಲ್ಲ. ಹಾಗಾಗಿ ಸೊಪ್ಪು ಬಿಡಿಸುತ್ತ ಗೆರೆಗಳನ್ನೇ ಓದುತ್ತೇನೆ.

ಓದಿ ಓದಿ ಆ ಚಿತ್ರ ಬರೆಯುವವರ ಕೈಚಳಕ ಗೊತ್ತಾಗಿದೆ. ಬೈಸಿಕೊಳ್ಳಬೇಕಾದವನ ಹೊಟ್ಟೆ ದೊಡ್ಡದು, ಅವನ ಕುರ್ಚಿ ಅದಕ್ಕಿಂತ ದೊಡ್ಡದು. ಪ್ರಜೆಗೆ ಮಾತ್ರ ಎಂದಿಗೂ ತೇಪೆಯಂಗಿ. ನಮ್ಮ ಬೀದಿಯಲ್ಲಿ ತೇಪೆ ಹಾಕಿದವರನ್ನು ನಾನು ಕಂಡೇ ಇಲ್ಲ. ಆದರೂ ಆ ಚಿತ್ರ ನೋಡಿದ ಕೂಡಲೇ ‘ಅಯ್ಯೋ, ಇದು ನಾವೇ’ ಅನಿಸಿಬಿಡುತ್ತದೆ. ವಾದ ಮಾಡದೆ ಒಪ್ಪಿಸುವ ವಿದ್ಯೆ ಅದು. ನಕ್ಕವನು ಅರ್ಧ ಒಪ್ಪಿದ ಹಾಗೆ.

ಬೀದಿಯ ನಲ್ಲಿ ಒಂಬತ್ತು ದಿನ ಒಣಗಿದಾಗ ನಾನೂ ಈ ವಿದ್ಯೆಗೆ ಕೈಹಾಕಿದೆ. ಕೌನ್ಸಿಲರ್ ದಿನಾ ವಾಕಿಂಗ್ ಹೋಗುವುದು ನಮ್ಮ ಬೀದಿಯಲ್ಲೇ. ಬಾಗಿಲ ಮುಂದೆ ರಂಗೋಲಿಯಲ್ಲಿ ಅವರನ್ನು ಬರೆದೆ: ಬೋರಲು ಹಾಕಿದ ಕೊಡದ ಮೇಲೆ ಹೊಟ್ಟೆ ಇಳಿಬಿಟ್ಟು ಕೂತ ಮನುಷ್ಯ. ಹೆಸರು ಹಾಕಲಿಲ್ಲ. ಮೂರು ಭಾಷೆಯ ಬೀದಿ, ಯಾವುದರಲ್ಲಿ ಹಾಕುವುದು? ಚಿತ್ರಕ್ಕೆ ಹೆಸರು ಬೇರೆ ಬೇಕೇ ಎಂಬ ಜಂಬವೂ ಇತ್ತು.

ಮೊದಲು ಬಂದವರು ರಾತ್ರಿ ಪಾಳಿ ಮುಗಿಸಿದ ನಮ್ಮ ಯಜಮಾನರು. ಗೇಟಿನಲ್ಲೇ ನಿಂತರು. “ಏನೇ ಇದು, ನನ್ ಹೊಟ್ಟೇನ ಬೀದೀಗ್ ಹಾಕ್ಬುಟ್ಟಿದ್ದೀಯ?”

ಎದುರು ಮನೆಯ ತೆಲುಗಿನ ಲಕ್ಷ್ಮಮ್ಮ ಬಂದು ಬಗ್ಗಿ ನೋಡಿದರು. “ನೀವಲ್ಲ ಬಿಡಣ್ಣ, ಇದು ನಮ್ ಮನೆ ಓನರ್ರು. ಬಂದ್ರೆ ಹಿಂಗೇ ಕೂತ್ಕಂತಾರೆ, ಏಳೋದೇ ಇಲ್ಲ.”

ಅಷ್ಟರಲ್ಲಿ ಕೌನ್ಸಿಲರ್ ಬಂದರು, ರಂಗೋಲಿ ನೋಡಿದರು, ನಮ್ಮವರ ಹೊಟ್ಟೆ ನೋಡಿದರು, ಮನಸಾರೆ ನಕ್ಕರು. “ಎನ್ನಕ್ಕಾ, ಸಾರ್‌ನ ಹಿಂಗಾ ಬರೆಯೋದು? ಪಾವಂ, ಪಾಪ!” ನೀರಿನ ಮಾತೆತ್ತದೆ, ರಂಗೋಲಿ ತುಳಿಯದೆ ಸುತ್ತಿಕೊಂಡು ಹೊರಟೇ ಹೋದರು.

ಆ ಹೊಟ್ಟೆಯಲ್ಲಿ ತಮ್ಮನ್ನು ಕಂಡುಕೊಂಡವರು ನಿರಪರಾಧಿಯಾದ ನಮ್ಮವರು ಒಬ್ಬರೇ! ತಪ್ಪು ನನ್ನದು. ಮನುಷ್ಯನನ್ನು ಬರೆದರೆ ಎಲ್ಲರೂ ಪಕ್ಕದವರನ್ನೇ ಹುಡುಕುತ್ತಾರೆ.

ಮರುದಿನ ಮನುಷ್ಯನನ್ನು ಕೈಬಿಟ್ಟು ಕೊಡವನ್ನಷ್ಟೇ ಬರೆದೆ. ಹಾಗೇ ಬರೆಯಿರೆಂದು ಲಕ್ಷ್ಮಮ್ಮ ಮನೆಮನೆಗೂ ಹೇಳಿ ಬಂದಿದ್ದರು. ಇಪ್ಪತ್ಮೂರು ಬಾಗಿಲು, ಇಪ್ಪತ್ಮೂರು ಬೋರಲು ಕೊಡ, ಒಂದೊಂದೂ ಬೀದಿಯ ನಡುವಿನವರೆಗೆ. ರಂಗೋಲಿ ತುಳಿಯುವ ಗಂಡಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಕೌನ್ಸಿಲರ್ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹಾರುತ್ತ ನಡೆದರು. ಹತ್ತನೆಯ ಕೊಡದ ಹತ್ತಿರ ಅವರ ನಗು ನಿಂತಿತು. ಕೊನೆಯದರ ಹತ್ತಿರ ತಿರುಗಿ ಕೇಳಿದರು: “ನೀರ್ ಬಂದು ಎಷ್ಟ್ ದಿನ ಆಯ್ತಕ್ಕಾ?”

ಸಂಜೆ ನಲ್ಲಿ ಕೆಮ್ಮಿತು, ಆಮೇಲೆ ಸುರಿಯಿತು.

ಮಾರನೆಯ ಬೆಳಿಗ್ಗೆ ಚುಕ್ಕಿಯಿಟ್ಟು ಎಂದಿನ ಹೂವಿನ ರಂಗೋಲಿ ಹಾಕಿದೆ. ಪಾಳಿ ಮುಗಿಸಿ ಬಂದ ನಮ್ಮವರು ಗೇಟಿನಲ್ಲೇ ನಿಂತು, ಆ ಕಡೆಯಿಂದೊಮ್ಮೆ ಈ ಕಡೆಯಿಂದೊಮ್ಮೆ ನೋಡಿದರು.

“ಇವತ್ತು ನಾನಿಲ್ವಾ?” ಎಂದರು, ಕೊಂಚ ಬೇಜಾರಿನಿಂದಲೇ.