ಯಾಮಿನಾಳ ಈರುಳ್ಳಿ ಮಡಿ

ಔರೆಸ್ ಬೆಟ್ಟದ ನೆತ್ತಿಗೆ ಬೆಳಕು ತಾಗುವ ಹೊತ್ತಿಗೆ ಯಾಮಿನಾ ಎರಡು ಮಡಿ ಈರುಳ್ಳಿ ಕಿತ್ತು ಮುಗಿಸಿದ್ದಾಳೆ. ಇನ್ನೂ ಗಡ್ಡೆ ಕಟ್ಟದ ಎಳೆಯ ಈರುಳ್ಳಿ. ಅವಳಿಗೆ ಬೇಕಿರುವುದು ಅದರಡಿಯ ಮಣ್ಣು. ಬೊಗಸೆಯಲ್ಲಿ ಜರಡಿಗೆ ಸುರಿದು, ನೀರು ಹೊಯ್ದು, ಉಳಿದದ್ದನ್ನು ಬೆರಳಲ್ಲಿ ಕೆದಕುತ್ತಾಳೆ. ಬಸವನಹುಳುವಿನ ಚಿಪ್ಪು, ಚಿಪ್ಪು, ಮತ್ತೆ ಚಿಪ್ಪು.

ಬೇಲಿಯಾಚೆಯಿಂದ ನೆರೆಯ ಜೊಹ್ರಾ ಇಣುಕುತ್ತಾಳೆ. "ಏನೇ, ಈ ವರ್ಷ ಬಸವನಹುಳು ಬಿತ್ತಿದೀಯಾ?"

"ನಿಮ್ಮನೇಗೂ ಕಳಿಸ್ತೀನಿ, ಸಾರು ಮಾಡ್ಕೊ."

ಊರ ಮೇಲಿನ ಬೂದಿದಿಬ್ಬದಲ್ಲಿ ಉತ್ಖನನ ನಡೆದಾಗಲೆಲ್ಲ ಮಣ್ಣು ಜಾಲಿಸುವವಳು ಯಾಮಿನಾ. ಹನ್ನೊಂದು ವರ್ಷದಿಂದ, ದಿನಕ್ಕೆ ನಲವತ್ತು ಬಕೆಟ್. ಇಪ್ಪತ್ತೆಂಟಕ್ಕೇ ಗಂಡನನ್ನು ಕಳೆದುಕೊಂಡವಳ ಬೆನ್ನು ಈಗ ನೆಟ್ಟಗಾಗುವುದಿಲ್ಲ. ಎಂಟು ಸಾವಿರ ವರ್ಷ ಹಿಂದಿನವರು ಬಸವನಹುಳು ತಿಂದು, ಚಿಪ್ಪು ಎಸೆದು, ಸತ್ತವರನ್ನೂ ಅಲ್ಲೇ ಹೂಳಿ ಬೆಳೆಸಿದ ದಿಬ್ಬ ಅದು.

ಕಳೆದ ವಾರ ದಿಬ್ಬದ ಅಂಚಿನಲ್ಲಿ ಒಬ್ಬ ಹೆಂಗಸಿನ ಅಸ್ಥಿ ಸಿಕ್ಕಿತು. ತಲೆ ಇರಲಿಲ್ಲ. ಹೆಗಲಿನ ಹತ್ತಿರ ಹಳೆಯ ಗುದ್ದಲಿ ಕಚ್ಚು. ಆ ಬೂದಿಮಣ್ಣಿಗೆ ಈರುಳ್ಳಿ ಹುಲುಸಾಗಿ ಬರುತ್ತದೆಂದು ನಮ್ಮೂರ ಹೆಂಗಸರೆಲ್ಲ ಅದನ್ನು ಹೊತ್ತು ತಂದವರೇ. ಆದರೆ ಆ ಜಾಗ ಅಗೆದದ್ದು ಯಾಮಿನಾ, ಮದುವೆಯಾದ ವರ್ಷ. ಆ ಮಣ್ಣು ಬಿದ್ದದ್ದು ಈ ಮಡಿಗಳಿಗೇ.

"ಎರಡು ದಿನ ಬಾಯಿ ಮುಚ್ಕೊಂಡಿದ್ದೆ," ಎನ್ನುತ್ತಾಳೆ. "ಒಲೆ ಹಚ್ಚೋಕೆ ಕೂತರೆ, ಆ ಹೆಂಗಸೂ ಯಾರಿಗೋ ಒಲೆ ಹಚ್ಚಿರ್ತಾಳಲ್ಲ ಅನ್ಸೋದು. ತಡೀಲಿಲ್ಲ, ನಸೀಮಾಗೆ ಹೇಳಿಬಿಟ್ಟೆ." ನಸೀಮಾ ಉತ್ಖನನದ ಮುಖ್ಯಸ್ಥೆ. ನಾಳೆ ಅಸ್ಥಿಯ ಪೆಟ್ಟಿಗೆ ರಾಜಧಾನಿಗೆ ಹೊರಡುತ್ತದೆ, ತಲೆ ಸಿಗಲಿ ಬಿಡಲಿ.

ಮೈದುನ ಸಾಲಹ್ ಹಾದುಹೋಗುತ್ತ ನಿಲ್ಲುತ್ತಾನೆ. "ಅತ್ತಿಗೆ, ನಮ್ಮೋರು ಯೆಮೆನ್ನಿಂದ ಬಂದೋರು. ಆ ಮೂಳೆ ನಮಗೇನಾಗಬೇಕು?"

"ನಿಮ್ಮಜ್ಜ ಬಂದಿರಬಹುದಪ್ಪ. ಬಂದಾಗ ಇಲ್ಲಿ ಒಲೆ ಮುಂದೆ ಕೂತಿದ್ದೋಳು ಯಾರು?"

ಅವನು ನೀರಿನ ಕೊಡ ತಂದಿಟ್ಟು ಹೋಗುತ್ತಾನೆ.

ಮೂರನೇ ಮಡಿಯ ಮಣ್ಣಿನಲ್ಲಿ ಯಾಮಿನಾಳ ಕೈ ನಿಲ್ಲುತ್ತದೆ. ಹೆಬ್ಬೆರಳುದ್ದದ ದವಡೆಯ ಚೂರು. ಮುಂದಿನ ಹಲ್ಲುಗಳ ಜಾಗ ನುಣ್ಣಗೆ ಮುಚ್ಚಿಕೊಂಡಿದೆ. ಆ ಕಾಲದವರು ಹರೆಯದಲ್ಲೇ ಅವನ್ನು ಕೀಳಿಸಿಕೊಳ್ಳುತ್ತಿದ್ದರಂತೆ. ಅವಳು ಕರೆದದ್ದು ಕೇಳಿ ನಸೀಮಾ ಓಡಿ ಬರುತ್ತಾಳೆ, ತುಂಬ ಹೊತ್ತು ನೋಡುತ್ತಾಳೆ.

"ಇದು ಅವಳದೇನಾ ಅಂತ ಪ್ರಯೋಗಾಲಯದೋರು ಹೇಳಬೇಕು. ಆದ್ರೂ ಪೆಟ್ಟಿಗೇಲಿ ಜೊತೆಗೇ ಇಡ್ತೀನಿ. ವರದೀಲಿ ನಿನ್ನ ಹೆಸರೂ ಹಾಕ್ತೀನಿ ಯಾಮಿನಾ, ಹುಡುಕಿದೋಳು ಅಂತ."

ಯಾಮಿನಾ ತಲೆವಸ್ತ್ರದ ತುದಿಯಿಂದ ದವಡೆಯ ನೀರು ಒರೆಸುತ್ತಾಳೆ.

"ಕಡಿದೋಳೂ ನಾನೇ ಅಂತ ಬರಿ. ಎರಡೂ ಬರೆಯೋದಾದ್ರೆ ಹೆಸರು ಹಾಕು."