ಕೊಣ್ಣೂರಿನ ಸ್ಯಾಕ್ಸೊಫೋನ್ ಅಕ್ಕೋರು

ಊದುವಾಗ ಅವರ ಕೊರಳಿನ ನರ ಹಗ್ಗದಂತೆ ಉಬ್ಬುತ್ತಿತ್ತು, ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಮುಗಿದ ಮೇಲೆ ಸೆರಗಿನಿಂದ ತುಟಿ ಒರೆಸಿಕೊಂಡು, ಏನೂ ಆಗಿಲ್ಲವೆಂಬಂತೆ "ಹ್ಞಾಂ, ಈಗ ನೀ ಊದು" ಅನ್ನುತ್ತಿದ್ದರು. ನನಗೆ ಸ್ಯಾಕ್ಸೊಫೋನ್ ಕಲಿಸಿದ ಅಕ್ಕೋರು ಅವರು.

ಅವರ ತಾಯಿ ನಮ್ಮ ಕಡೆಯ ಮಮದಾಪುರದ ಕನ್ನಡದವರು. ತಂದೆ ಗಡಿಯಾಚೆಯ ಮರಾಠಿ ಊರಿನ ಮದುವೆ ಬ್ಯಾಂಡಿನವರು. ಗೋವೆಯ ವಾದಕನೊಬ್ಬನಿಂದ ಜಾಝ್ ಕಲಿತು ಮಗಳಿಗೂ ಕಲಿಸಿದ್ದರು. ಅಲ್ಲಿಯವರು ಅಕ್ಕೋರನ್ನು 'ಕಾನಡಿ' ಅಂದರು, ಇಲ್ಲಿಯವರು 'ಮರಾಠಿ ಬಾಯಿ' ಅಂದರು. "ಎರಡೂ ಖರೇನ ಐತ್ರಿ" ಎಂದು ಅವರು ನಗುತ್ತಿದ್ದರು.

ಕೊಣ್ಣೂರಿನಲ್ಲಿ ಬಳಕೆ ತಪ್ಪಿದ ಆಲೆಮನೆಯೊಂದನ್ನು ಗುಡಿಸಿ, ಹುಡುಗಿಯರಿಗೆ ಪಾಠ ಶುರುಮಾಡಿದರು. "ಹೆಣ್ಮಕ್ಕಳು ಬಾಜಾ ಊದೂದೇನ್ರಿ?" ಎಂದು ನನ್ನ ಅಪ್ಪ ಜಗಳಕ್ಕೇ ಹೋಗಿದ್ದ.

"ಒಂದ್ ವಾರ ಕಳಸ್ರಿ ಕಾಕಾ. ಆಮ್ಯಾಲ ನೀವ ಬಂದು ಕರ್ಕೊಂಡ ಹೋಗ್ರಿ," ಅಂದರು ಅಕ್ಕೋರು.

ವಾರದ ಮೇಲೆ ಬಂದ ಅಪ್ಪ ಬಾಗಿಲಲ್ಲೇ ನಿಂತು ಕೇಳಿ, ನನ್ನನ್ನು ಅಲ್ಲೇ ಬಿಟ್ಟು ಹೋದ.

"ಜಾಝ್ ಅಂದ್ರ ಏನ್ರಿ ಅಕ್ಕೋರ?" ಎಂದು ಒಮ್ಮೆ ಕೇಳಿದೆ.

"ಹಾಡು ಎಲ್ಲಾರದೂ ಇರತೈತಿ. ನಡುವ ನಿನಗೊಂದೀಟು ಜಾಗಾ ಬಿಟ್ಟಿರತಾರ. ಅಲ್ಲಿ ನಿನ್ನ ಮಾತ ಆಡಬೇಕು, ಮಂದೀದಲ್ಲ."

ಆ ವರ್ಷ ಗೋಕಾಕದಲ್ಲಿ ಒಂದು ಬಡಾವಣೆಯವರು ರಾಜ್ಯೋತ್ಸವಕ್ಕೆ ನಮ್ಮನ್ನು ಕರೆದರು. ಮುಂಜಾನೆಯೇ ಬಯಲು ತುಂಬಿತ್ತು. ವೇದಿಕೆ ಹತ್ತುವಾಗ ವ್ಯವಸ್ಥಾಪಕರೊಬ್ಬರು ಅಡ್ಡ ಬಂದು, "ಹುಡುಗ್ಯಾರು ಹೋಗ್ಲಿ. ಮರಾಠಿ ಬಾಯಿ ಇವತ್ತ ಮ್ಯಾಲ ಬ್ಯಾಡ," ಅಂದರು.

ನಾವು ಹನ್ನೊಂದು ಜನ ಮೆಟ್ಟಿಲ ಮೇಲೆ ನಿಂತುಬಿಟ್ಟೆವು. "ಅಕ್ಕೋರ ಇಲ್ದ ನಾವು ಊದೂದಿಲ್ಲ," ಅಂದೆ.

ಅಕ್ಕೋರ ಮುಖ ಸಣ್ಣದಾಯಿತು. ಮರುಗಳಿಗೆ ನನ್ನ ಬೆನ್ನು ತಟ್ಟಿ, "ಹೋಗು. ನಿನ್ನ ಜಾಗಾ ಬಂದಾಗ ಹೆದರಬ್ಯಾಡ," ಎಂದು ತಮ್ಮ ಸ್ಯಾಕ್ಸೊಫೋನ್ ಹಿಡಿದೇ ಜನರ ನಡುವೆ ಹಿಂದಕ್ಕೆ ಹೋದರು.

ನಾವು ವೇದಿಕೆ ಹತ್ತಿ ತತ್ವಪದವೊಂದನ್ನು ಹಿಡಿದೆವು. ನನ್ನ ಜಾಗ ಬಂತು. ಒಂದು ಸಾಲು ಊದಿ, ಬೇಕೆಂದೇ ತಡೆದೆ. ಬಯಲಿನ ಕೊನೆಯಿಂದ ಉತ್ತರ ಬಂತು. ಅದೇ ಸಾಲು, ಆದರೆ ಎತ್ತರಕ್ಕೆ, ನಗುನಗುತ್ತ. ಜನ ಹೊರಳಿ ನೋಡಿದರು. ನಾನು ಇನ್ನೊಂದು ಸಾಲು ಊದಿದೆ. ಅವರು ಎರಡು ಕೊಟ್ಟರು. ಊದುತ್ತಲೇ ನಡೆದು ಬಂದರು. ಕುರ್ಚಿಗಳು ಸರಿದವು, ಯಾರೋ ಸಿಳ್ಳೆ ಹಾಕಿದರು, ಬಯಲಿಗೆ ಬಯಲೇ ಚಪ್ಪಾಳೆಯಲ್ಲಿ ತಾಳ ಹಿಡಿಯಿತು. ಮೆಟ್ಟಿಲ ಬಳಿ ಅದೇ ವ್ಯವಸ್ಥಾಪಕರು ನಿಂತಿದ್ದರು. ಸುತ್ತ ಒಮ್ಮೆ ನೋಡಿ, ಪಕ್ಕಕ್ಕೆ ಸರಿದು, "ಬರ್ರಿ ಅಕ್ಕೋರ," ಅಂದರು.

ಮುಂದೆ ಹುಕ್ಕೇರಿ, ಮೂಡಲಗಿಯಿಂದಲೂ ಹುಡುಗಿಯರು ಬಂದರು. ಆಲೆಮನೆ ಸಾಲದೆ ಅಂಗಳಕ್ಕೆ ಚಪ್ಪರ ಹಾಕಿದೆವು. ಈಗ ನಾನೂ ಬೆಲ್ಲದ ಬಾಗೇವಾಡಿಯಲ್ಲಿ ಕಲಿಸುತ್ತೇನೆ. ಅನ್ನವೂ ಧೈರ್ಯವೂ ಅವರು ಕೊಟ್ಟದ್ದೇ.

ಹೋದ ಚಳಿಗಾಲ ಅಕ್ಕೋರು ತೀರಿಕೊಂಡರು. ಮಕ್ಕಳಿರಲಿಲ್ಲ. ಗಡಿಯ ಎರಡೂ ಕಡೆಯ ಬಳಗ ಸೇರಿತ್ತು. "ಹೆಗಲು ಕೊಡಾವ್ರು ಯಾರು?" ಎಂದು ಹಿರಿಯರೊಬ್ಬರು ಕೇಳಿದರು.

"ನಾವ ಅದೀವ್ರಿ," ಅಂದೆವು.

ನಾಲ್ವರು ಹೆಣ್ಣುಮಕ್ಕಳು ಹೊತ್ತೆವು. ಉಳಿದವರು ಊದುತ್ತ ಮುಂದೆ ನಡೆದರು, ಕೊಣ್ಣೂರಿನ ಪೇಟೆಯ ನಟ್ಟನಡುವೆ, ಹಾಡುಹಗಲಿನಲ್ಲಿ.