ಗಂಟಲು ಕೊಯ್ಸಿಕೊಂಡ ಪಂಚಮಿ

'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂದು ಯಂಕಂಚಿಯ ಸಾಲೆಯ ಮಕ್ಕಳಿಗೆ ಹದಿಮೂರು ವರ್ಷದಿಂದ ಬರೆಸುತ್ತ ಬಂದವಳು ನಾನು. ಈ ಸಲದ ಶ್ರಾವಣದಲ್ಲಿ ನನಗೆ ರೋಗವೂ ಇತ್ತು, ಜಗಳವೂ ಇತ್ತು. ಗಾದೆಯ ಲೆಕ್ಕದಲ್ಲಿ ನನಗೆ ಊಟವೂ ಬರುವುದಿಲ್ಲ, ಮಾತೂ ಬರುವುದಿಲ್ಲ ಎಂದಾಯಿತು. ಮಕ್ಕಳಿಗೆ ಮಾತ್ರ ಇದನ್ನು ಹೇಳಲಿಲ್ಲ.

ರೋಗದ ಕಥೆ ಸಣ್ಣದು. ಎರಡು ವರ್ಷದಿಂದ ತಿಂಗಳಿಗೊಮ್ಮೆ ಟಾನ್ಸಿಲ್ ಬಾತು ಜ್ವರ ಬರುತ್ತಿತ್ತು. ಸಿಂದಗಿಯ ಗುಳಿಗೆಗಳನ್ನೆಲ್ಲ ನುಂಗಿ ಮುಗಿಸಿದ ಮೇಲೆ ವಿಜಯಪುರದ ಡಾಕ್ಟರ ಹತ್ತಿರ ಹೋದೆವು. ಅವರು ಬಾಯೊಳಗೆ ಬ್ಯಾಟರಿಯ ಬೆಳಕು ಬಿಟ್ಟು ನೋಡಿ, "ಇವನ್ನ ಇಟ್ಕೊಂಡು ಪೂಜಾ ಮಾಡ್ತೀರೇನ್ರಿ? ತಗಸ್ರಿ" ಅಂದರು. ತೆಗೆಸಿದೆ. ಮನೆಗೆ ಕಳಿಸುವಾಗ, ಹತ್ತು ದಿನ ಖಾರ, ಹುಳಿ, ಬಿಸಿ, ಗಟ್ಟಿ ಯಾವುದೂ ಬೇಡ, ತಂಪಾದದ್ದು ಮೆತ್ತನೆಯದ್ದು ಮಾತ್ರ ತಿನ್ನಬೇಕು, ನೋವೆಂದು ನುಂಗದೆ ಕುಳಿತರೆ ಗಾಯ ಒಣಗಿ ರಕ್ತ ಬಂದೀತು, ಮಾತು ಕಡಿಮೆ ಮಾಡಬೇಕು ಎಂದು ಹೇಳಿದರು. ಉಳಿದದ್ದು ಮರೆತರೂ ನಮ್ಮ ಮನೆಯವರು ಕೊನೆಯ ಮಾತನ್ನು ಮರೆಯಲಿಲ್ಲ. ಕಡಿಮೆ ಏಕೆ, ಪೂರ್ತಿ ಬೇಡ ಎಂದು ತಾವೇ ತೀರ್ಮಾನಿಸಿ, ಮಗಳ ಹಳೆಯ ಪಾಟಿ ಒರೆಸಿ, ಒಂದು ಬಳಪದ ಜೊತೆ ನನ್ನ ತೊಡೆಯ ಮೇಲಿಟ್ಟರು. ಮದುವೆಯಾದಾಗಿನಿಂದ ಅವರ ಮುಖ ಅಷ್ಟು ಪ್ರಸನ್ನವಾಗಿದ್ದುದನ್ನು ನಾನು ನೋಡಿರಲಿಲ್ಲ.

ಜಗಳದ ಕಥೆ ಉದ್ದ. ನನ್ನ ತವರುಮನೆ ನಿಡಗುಂದಿ. ಅಪ್ಪ ಅವ್ವ ಹೋದ ಮೇಲೆ ತವರೆಂದರೆ ಅಣ್ಣ. ನಾಗರ ಪಂಚಮಿಗೆ ಅಣ್ಣನಾದವನು ತಂಗಿಯ ಮನೆಗೆ ತಾನೇ ಬಂದು, ಅತ್ತೆಯನ್ನು ಕೇಳಿ, ಹಬ್ಬಕ್ಕೆ ಕರೆದುಕೊಂಡು ಹೋಗಬೇಕು. ಅದು ನಮ್ಮ ಕಡೆಯ ರೂಢಿ. ಹೋದ ವರ್ಷ ನಮ್ಮಣ್ಣ ಬರಲಿಲ್ಲ. ಅವನ ಬದಲು ಮೊಬೈಲಿಗೆ ಒಂದು ಚಿತ್ರ ಬಂತು. ಹೆಡೆ ಬಿಚ್ಚಿದ ನಾಗಪ್ಪ, ಪಕ್ಕದಲ್ಲಿ ಜೋಕಾಲಿ, 'ಹಬ್ಬದ ಹಾರ್ದಿಕ ಶುಭಾಶಯಗಳು'. ಕೆಳಗೆ 'ಬಾರವಾ' ಎಂದು ಒಂದೇ ಒಂದು ಶಬ್ದ. ಅದೇ ಚಿತ್ರವನ್ನು ಅವನು ತನ್ನ ಅಂಗಡಿಯ ಗಿರಾಕಿಗಳಿಗೂ ಕಳಿಸಿದ್ದ. ನಾನು ಫೋನು ಹಚ್ಚಿ, "ಬರದು ಕಳಿಸಿದ್ದು ನಡಿಯಂಗಿಲ್ಲ. ಬಂದು ಬಾಯಿಲೆ ಹೇಳಬೇಕು" ಅಂದು ಇಟ್ಟುಬಿಟ್ಟೆ. ಹಬ್ಬಕ್ಕೆ ಹೋಗಲಿಲ್ಲ. ಅವನಿಗೂ ಸಿಟ್ಟು ಬಂತು. ಮೊದಲು ಮಾತಾಡಿದವರು ಸೋತಂತೆ ಎಂದು ಇಬ್ಬರೂ ಒಂದು ವರ್ಷ ಬಾಯಿ ಬಿಗಿಹಿಡಿದೆವು.

ಆದ್ದರಿಂದ ಆಪರೇಷನ್ ಸುದ್ದಿಯನ್ನು ಅಣ್ಣನಿಗೆ ಯಾರೂ ಹೇಳಕೂಡದು ಎಂದು ಮನೆಯವರಿಂದ ಆಣೆ ಮಾಡಿಸಿಕೊಂಡಿದ್ದೆ. ಅವನು ಬಂದರೆ ಹಬ್ಬಕ್ಕೆ ಕರೆಯಲು ಬರಬೇಕು, ರೋಗಿಯನ್ನು ನೋಡಲು ಬರಬಾರದು. ಈ ವರ್ಷವೂ ಬರದಿದ್ದರೆ ನನಗೆ ತವರೆಂಬುದು ಮುಗಿದಂತೆಯೇ. ಹೊರಗೆ ಎಷ್ಟು ಠೇಂಕಾರ ಮಾಡಿದರೂ ಒಳಗೆ ನನಗೆ ಅದೇ ಭಯವಿತ್ತು.

ಇತ್ತ ಊಟದ ಪಂಚಾಯ್ತಿ ಶುರುವಾಯಿತು. ಮನೆಯವರು ಡಾಕ್ಟರ ಮಾತಿನಂತೆ ಐಸ್‌ಕ್ರೀಮ್ ಡಬ್ಬಿ ತಂದರು. ನಮ್ಮ ಅತ್ತೆ ತಾಂಬಾ ಊರಿನವರು. ನೆಗಡಿ ಬಂದವರಿಗೆ ಮೊಸರನ್ನೂ ಕೊಡದ ಮನೆತನ. ಡಬ್ಬಿ ನೋಡಿ ಮಗನ ಮೇಲೆ ಹರಿಹಾಯ್ದರು.

"ಗಂಟ್ಲ ಕೊಯ್ಸಿಕೊಂಡಾಕಿಗೆ ಐಸ್‌ಕ್ರೀಮ್ ತಿನ್ನಿಸಿ ಕೊಲ್ಲಾಕ ಹತ್ತೀಯೇನ?"

"ಡಾಕ್ಟರ ಹೇಳ್ಯಾರಬೇ."

ಡಾಕ್ಟರ ಹೆಸರು ಕೇಳಿ ಅತ್ತೆ ಸುಮ್ಮನಾದರು. ಅಷ್ಟು ಬೇಗ ಸುಮ್ಮನಾದದ್ದು ನೋಡಿಯೇ ನನಗೆ ಅನುಮಾನ ಬಂದಿತ್ತು. ಸ್ವಲ್ಪ ಹೊತ್ತಿಗೆ ಲೋಟ ಹಿಡಿದು ಬಂದರು. ಐಸ್‌ಕ್ರೀಮನ್ನು ಬೋಗುಣಿಗೆ ಸುರಿದು, ಒಲೆಯ ಮೇಲೆ ಒಂದು ಕುದಿ ಬರಿಸಿ, ಚಿಟಿಕೆ ಅರಿಷಿಣ ಹಾಕಿ, ನಾಲ್ಕು ಕಾಳು ಮೆಣಸು ಕುಟ್ಟಿ ಹಾಕಿದ್ದರು.

"ತಗೋ, ಬಿಸಿ ಇದ್ದಾಗ ಕುಡಿ. ಡಾಕ್ಟರ ಮಾತೂ ಉಳೀತು, ನನ್ನ ಮಾತೂ ಉಳೀತು."

ನಾನು ಪಾಟಿಯ ಮೇಲೆ 'ತಂಪು ಬೇಕು' ಎಂದು ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದೆ. ಅತ್ತೆ ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. "ನನಗ ಓದಾಕ ಬರಂಗಿಲ್ಲ, ನಿನಗ ಮಾತಾಡಾಕ ಬರಂಗಿಲ್ಲ. ದೇವರು ಚಲೋ ಜೋಡಿ ಕೂಡಿಸ್ಯಾನ" ಅಂದರು. ಪೇಚಾಟದ ನಡುವೆಯೂ ನಗು ಬಂತು. ನಕ್ಕರೆ ಗಂಟಲಲ್ಲಿ ಚೂರಿ ಆಡಿಸಿದಂತಾಯಿತು.

ನನ್ನನ್ನು ಉಳಿಸಿದವರು ಪಕ್ಕದ ಮನೆಯ ಮುಸ್ಲಿಂ ಅಜ್ಜಿ, ಓಣಿಯವರೆಲ್ಲ ಖಾಲಾ ಎಂದು ಕರೆಯುವವರು. ಅವರ ಮೊಮ್ಮಗಳಿಗೂ ಇದೇ ಆಪರೇಷನ್ ಆಗಿತ್ತು. "ತಂಪ ಕೊಟ್ರ ಏನೂ ಆಗಂಗಿಲ್ಲ ಅವ್ವಾರ, ನನ್ನ ಮ್ಯಾಲ ಬಿಡ್ರಿ" ಎಂದು ಅತ್ತೆಯನ್ನು ಒಪ್ಪಿಸಿ, ದಿನಾ ಅಕ್ಕಿಯ ಖೀರು ಕಾಸಿ, ತಮ್ಮ ಫ್ರಿಜ್ಜಿನಲ್ಲಿಟ್ಟು ತಂಪು ಮಾಡಿ ಕೊಡತೊಡಗಿದರು. "ಬದಾಮಿ, ಗೋಡಂಬಿ ಎಲ್ಲಾ ಆರಿಸಿ ತಗದೇನ್ರಿ ಅಕ್ಕೋರ, ನಿಮಗ ಚುಚ್ಚಬಾರದು. ಒಗಿಯಾಕ ಮನಸ ಬರಲಿಲ್ಲ, ನಾನ ತಿಂದೆ" ಅಂದರು. ಅವರ ಕೆನ್ನೆ ಆ ವಾರದಲ್ಲಿ ತುಸು ತುಂಬಿಕೊಂಡದ್ದು ನಿಜ.

ಹೊಟ್ಟೆಗೆ ಹೀಗೊಂದು ದಾರಿಯಾಯಿತು. ಆದರೆ ಕಿವಿಗೆ ದಾರಿ ಯಾರೂ ತೋರಿಸಲಿಲ್ಲ. ಜಡ್ಡಾದವರ ಮನೆಗೆ ಬಂದವರು ಹೊರಗಿನಿಂದಲೇ ಕೇಳಿ ಹೋಗುವಂತಿಲ್ಲ, ಹಾಸಿಗೆಯ ಪಕ್ಕ ಕುಳಿತು ಉಂಡೇ ಹೋಗಬೇಕು. ಪಂಚಮಿ ಹತ್ತಿರ ಬಂದಿತ್ತು, ಅತ್ತೆ ಕಡಕ್ ರೊಟ್ಟಿ ಬಡಿದು ಒಟ್ಟಿದ್ದರು. ಬಂದವರ ತಟ್ಟೆಗೆಲ್ಲ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ನನ್ನ ತಲೆಯ ಹತ್ತಿರವೇ ಕುಳಿತು ಕರುಂ ಕುರುಂ ಎಂದು ಮುರಿಯುವರು, ಬೆರಳು ಚೀಪುವರು, "ಅಯ್ಯ, ನಿಮಗ ತಿನ್ನಾಕ ಬರಂಗಿಲ್ಲಲ್ರಿ" ಎಂದು ಕನಿಕರದಿಂದ ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುವರು. ನಮ್ಮ ಸಾಲೆಯ ಗುರುಗಳೊಬ್ಬರು ಮೂರನೆಯ ರೊಟ್ಟಿಯ ಹೊತ್ತಿಗೆ, "ಕೊಯ್ಸಿದ ಮ್ಯಾಲ ನಮ್ಮ ಷಡ್ಡಕನ ಮಗಳ ದನಿ ಥೇಟ್ ಗಂಡಸರ ದನಿ ಆತು ನೋಡ್ರಿ" ಎಂದು ಧೈರ್ಯ ಹೇಳಿ ಹೋದರು. ಪಾಟಿಯ ಮೇಲೆ ನಾನು ಅವರಿಗೆ ಏನು ಬರೆದೆನೆಂಬುದನ್ನು ಇಲ್ಲಿ ಬರೆಯಲಾರೆ.

ಆರನೆಯ ದಿನ ನೋವು ಹೆಚ್ಚಾಯಿತು. ಗಂಟಲ ನೋವು ಕಿವಿಗೆ ಹತ್ತಿ, ಉಗುಳು ನುಂಗಿದರೂ ಕಣ್ಣಲ್ಲಿ ನೀರು. ಖೀರಿನ ಬಟ್ಟಲು ಮುಂದಿಟ್ಟುಕೊಂಡು ಅತ್ತೆ, ಮನೆಯವರು ಇಬ್ಬರೂ ಅಂಗಲಾಚಿದರೂ ಬಾಯಿ ತೆರೆಯಲಿಲ್ಲ. ನೋವೇ ಕಾರಣವೆಂದು ಅವರು ತಿಳಿದರು. ಅಂದು ಓಣಿಯ ಮೂರು ಮನೆಯ ಹೆಣ್ಣುಮಕ್ಕಳನ್ನು ಅಣ್ಣತಮ್ಮಂದಿರು ಬಂದು ಕರೆದೊಯ್ದಿದ್ದರು. ಕಿಟಕಿಯಿಂದ ನಾನೇ ನೋಡಿದ್ದೆ. ಬಾಗಿಲ ಹತ್ತಿರ ಚಪ್ಪಲಿ ಸದ್ದಾದಾಗಲೆಲ್ಲ ಕತ್ತು ಎತ್ತಿ ನೋಡಿ ಸಾಕಾಗಿತ್ತು.

ಎಂಟನೆಯ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅತ್ತೆ ಖೀರು ತರಲು ಖಾಲಾನ ಮನೆಗೆ ಹೋಗಿದ್ದರು. ಮನೆಯವರು ಆಫೀಸಿಗೆ, ಮಗಳು ಸಾಲೆಗೆ. ನಾನೊಬ್ಬಳೇ ಪಡಸಾಲೆಯಲ್ಲಿ ಗೋಡೆಗೆ ಒರಗಿದ್ದೆ. ಬಾಗಿಲಲ್ಲಿ ಅಣ್ಣ ನಿಂತಿದ್ದ. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಸ್ಟೀಲಿನ ಡಬ್ಬಿ. ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ ಬಂದ ಧೂಳೆಲ್ಲ ಮೈಮೇಲಿತ್ತು.

ಒಂದು ವರ್ಷದಿಂದ ಅವನಿಗಾಗಿ ಬೈಗಳು ಕೂಡಿಟ್ಟಿದ್ದೆ. ಈಗ ಅವನು ಎದುರಿಗೇ ಇದ್ದಾನೆ, ನನಗೆ ಬಾಯಿಲ್ಲ. ಪಾಟಿಗಾಗಿ ತಡಕಾಡಿದೆ, ಅದೂ ಇಲ್ಲ.

"ಹಬ್ಬಕ್ಕ ಕರಿಯಾಕ ಬಂದೇನಿ ತಂಗಿ" ಅಂದ.

ನಾನು ಸುಮ್ಮನೆ ನೋಡಿದೆ.

"ಹೋದ ವರ್ಷ ತಪ್ಪಾತು. ಅಂಗಡಿ ಬಿಡಾಕ ಆಗಲಿಲ್ಲ ಅಂದ್ರ ಸುಳ್ಳಾಗ್ತೈತಿ. ನಾಲ್ಕ ತಾಸಿನ ಬಸ್ಸಿಗೆ ಬ್ಯಾಸರ ಮಾಡ್ಕೊಂಡೆ. ಅಷ್ಟ."

ನಾನು ಗಂಟಲ ಹತ್ತಿರ ಕೈ ಅಡ್ಡ ಹಿಡಿದು ತೋರಿಸಿದೆ, ಇಲ್ಲಿ ಕೊಯ್ದಿದ್ದಾರೆ ಎಂದು. ಅವನ ಮುಖ ಇನ್ನಷ್ಟು ಇಳಿಯಿತು.

"ಗೊತ್ತೈತಿ, ನಿನಗ ಇಲ್ಲೀಮಟ ಸಿಟ್ಟ ಬಂದೈತಿ. ಜೋಕಾಲಿ ಕಟ್ಟಿದ್ದೆ ಹೋದ ವರ್ಷ. ಯಾರೂ ಕುಂಡ್ರಲಿಲ್ಲ. ನಾನ ಬಿಚ್ಚಿ ಇಟ್ಟೆ. ನಿಮ್ಮ ವೈನಿ ಮಾಡಿದ ಶೇಂಗಾ ಉಂಡಿ ಶ್ರಾವಣ ಮುಗಿಯೂತನಾ ಹಂಗ ಇದ್ದವು."

ನನಗೆ ಕಣ್ಣೀರು ಬಂತು. ಅದನ್ನೂ ಅವನು ಸಿಟ್ಟೆಂದೇ ತಿಳಿದ. ಡಬ್ಬಿಯನ್ನು ನನ್ನ ಪಕ್ಕ ಇಟ್ಟು, "ಮಾತಾಡಾಕ ಮನಸಿಲ್ಲಂದ್ರ ಬ್ಯಾಡ. ಉಂಡಿ ತಿನ್ನು. ನಾ ಬರ್ತೇನಿ" ಎಂದು ಎದ್ದು, ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟಿದ.

ಡಾಕ್ಟರು ಹಾಳಾಗಿ ಹೋಗಲಿ ಅಂದುಕೊಂಡೆ. "ಅಣ್ಣಾ, ಕುಂಡ್ರು" ಅಂದೆ.

ಷಡ್ಡಕನ ಮಗಳ ಸುದ್ದಿ ಸುಳ್ಳಾಗಿರಲಿಕ್ಕಿಲ್ಲ. ಬಾವಿಯೊಳಗಿಂದ ಯಾರೋ ಗಂಡಸು ಕೂಗಿದ ಹಾಗಿತ್ತು ಆ ದನಿ. ಅಣ್ಣ ಗಾಬರಿಯಾಗಿ ತಿರುಗಿದ. ನಾನು ಡಾಕ್ಟರಿಗೆ ತೋರಿಸುವಂತೆ ಬಾಯಿ ಅಗಲ ತೆರೆದು ತೋರಿಸಿದೆ. ಬಗ್ಗಿ ನೋಡಿದವನು ಮೆಟ್ಟಿದ ಚಪ್ಪಲಿ ಬಿಟ್ಟು ನನ್ನೆದುರು ಕುಳಿತ.

"ಯಾವಾಗ ಆತಿದು?"

ಎಂಟು ಬೆರಳು ತೋರಿಸಿದೆ.

"ನಿಮ್ಮ ಮನಿಯವರು ನನಗ ಯಾಕ ಹೇಳಲಿಲ್ಲ?"

ನನ್ನ ಎದೆಯ ಮೇಲೆ ಬೆರಳಿಟ್ಟುಕೊಂಡೆ.

"ನೀ ಬ್ಯಾಡ ಅಂದೇನ?"

ಹೌದೆಂದು ತಲೆ ಅಲ್ಲಾಡಿಸಿದೆ. ಅವನು ಉಂಡಿಯ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡ. ಆಮೇಲೆ ಮೆಲ್ಲಗೆ ಅಂದ, "ನಾ ಫೋನಿನ್ಯಾಗರ ಕರದಿದ್ದೆ ಯವ್ವಾ. ನೀ ಫೋನಿನ್ಯಾಗೂ ಹೇಳಲಿಲ್ಲ."

ಆ ಮಾತು ಗಾಯದ ಮೇಲೇ ಬಿತ್ತು. ಒಂದು ವರ್ಷ ನಾನು ಲೆಕ್ಕ ಹಾಕಿದ್ದು ಅವನ ತಪ್ಪನ್ನು ಮಾತ್ರ. ನನ್ನದು ಅದಕ್ಕಿಂತ ದೊಡ್ಡದಿರಬಹುದೆಂದು ಒಮ್ಮೆಯೂ ಅನ್ನಿಸಿರಲಿಲ್ಲ. ನಾಚಿಕೆಯಾಯಿತು.

ಅಣ್ಣ ಎದ್ದು ಅಡುಗೆಮನೆಗೆ ಹೋದ. ಕುಟ್ಟುವ ಸದ್ದು ಕೇಳಿಸಿತು. ಶೇಂಗಾ ಉಂಡಿಯನ್ನು ಹಿಟ್ಟಿನಂತೆ ನುಣ್ಣಗೆ ಕುಟ್ಟಿ, ತಣ್ಣನೆಯ ಹಾಲಿನಲ್ಲಿ ಕಲಸಿ, ಬಟ್ಟಲಲ್ಲಿ ತಂದ. ಅವ್ವ ಇದ್ದಾಗ ನನಗೆ ಜ್ವರ ಬಂದರೆ ಹೀಗೇ ಮಾಡುತ್ತಿದ್ದಳು, ಅವನಿಗೆ ನೆನಪಿತ್ತು. ಚಮಚದಿಂದ ಒಂದೊಂದೇ ತುತ್ತು ಕೊಟ್ಟ. ಎರಡು ದಿನ ಸರಿಯಾಗಿ ಏನೂ ನುಂಗದವಳು ಬಟ್ಟಲು ಖಾಲಿ ಮಾಡಿದೆ. ನೋವಾಗಲಿಲ್ಲ ಎಂದರೆ ಸುಳ್ಳಾದೀತು.

ಅಷ್ಟರಲ್ಲಿ ಅತ್ತೆ ಖೀರಿನ ಪಾತ್ರೆ ಹಿಡಿದು ಬಂದರು. ಪಾತ್ರೆಯ ಮೇಲೆ ಮುಚ್ಚಳವಾಗಿ ಕುಳಿತಿತ್ತು ನನ್ನ ಪಾಟಿ! ಅಣ್ಣ ಎದ್ದು ನಿಂತು, "ತಂಗಿನ್ನ ಹಬ್ಬಕ್ಕ ಕರಕೊಂಡ ಹೋಗ್ತೇನ್ರಿ ಅತ್ತಿಯವರ" ಎಂದು ರೂಢಿಯಂತೆ ಕೇಳಿದ.

"ನಾಕ ದಿನ ಬಿಟ್ಟ ಕರಕೊಂಡ ಹೋಗಪಾ" ಅಂದರು ಅತ್ತೆ, "ಆದ್ರ ಐಸ್‌ಕ್ರೀಮ್ ಮಾತ್ರ ಕೊಡಬ್ಯಾಡ. ಕೊಟ್ರೂ ಕುದಿಸಿ ಕೊಡು."

ನಾನು ಪಾಟಿ ಇಸಿದುಕೊಂಡು, ಸೆರಗಿನಿಂದ ಅಂಟಿದ ಖೀರು ಒರೆಸಿ, 'ತಪ್ಪು ನಂದು. ಕ್ಷಮಿಸು' ಎಂದು ಬರೆದು ಅಣ್ಣನ ಕೈಗೆ ಕೊಟ್ಟೆ. ಅವನು ಓದಿದ. ಅಂಗಿಯ ತೋಳಿನಿಂದ ಎರಡೂ ಸಾಲು ಅಳಿಸಿದ.

"ಬರದು ಕೊಟ್ಟಿದ್ದು ನಡಿಯಂಗಿಲ್ಲ" ಅಂದ. "ಬಂದು ಬಾಯಿಲೆ ಹೇಳಬೇಕು."

ಪಂಚಮಿಯ ದಿನ ನಿಡಗುಂದಿಯಲ್ಲಿ, ಅವನು ತೂಗುತ್ತಿದ್ದ ಜೋಕಾಲಿಯ ಮೇಲೆ ಕುಳಿತು, ಒಡಕು ದನಿಯಲ್ಲಿ ಬಾಯಿಲೆ ಹೇಳಿದೆ.

"ಕೇಳಸಲಿಲ್ಲ" ಅಂದ ಅಣ್ಣ, "ಇನ್ನೊಮ್ಮೆ ಹೇಳು."

ಗಂಟಲು ಉರಿಯುತ್ತಿತ್ತು. ಆದರೂ ಇನ್ನೊಮ್ಮೆ, ಓಣಿಗೆಲ್ಲ ಕೇಳುವಂತೆ ಹೇಳಿದೆ.